ಬಾಡಿಗೆ ಸರ್ವರೋ, ಟೂಲ್‌ಫೋರ್ಜೋ: ಒಂದೇ ಆ್ಯಪ್ ಎರಡೂ ಕಡೆ ನಡೆಸಿ ನೋಡಿದ್ದು

ಕನ್ನಡ ವಿಕಿಪೀಡಿಯದಲ್ಲಿ ಹೊರಗಿನ ಕೊಂಡಿ ಒಂದೂ ಇಲ್ಲದ ಲೇಖನಗಳನ್ನು ಹುಡುಕಿ ಪಟ್ಟಿ ಮಾಡುವ ಒಂದು ಸಣ್ಣ ಮುಕ್ತ ಆ್ಯಪ್ ಬರೆದು ನಡೆಸುತ್ತಿದ್ದೇನೆ. ಉಲ್ಲೇಖ ಸೇರಿಸಲು ಕೂರುವವರಿಗೆ ಎಲ್ಲಿಂದ ಶುರು ಮಾಡಬೇಕೆಂದು ತೋರಿಸುವುದಷ್ಟೇ ಅದರ ಕೆಲಸ. ಮೊದಲು ತಿಂಗಳ ಬಾಡಿಗೆಯ ಸರ್ವರಿನಲ್ಲಿತ್ತು, ಈಗ ಟೂಲ್‌ಫೋರ್ಜ್‌ನಲ್ಲಿದೆ, ಅಂದರೆ ವಿಕಿಗೆ ನೆರವಾಗುವ ಆ್ಯಪ್‌ಗಳನ್ನು ನಡೆಸಲು ವಿಕಿಮೀಡಿಯ ಬಾಡಿಗೆಯಿಲ್ಲದೆ ಕೊಡುವ ಸರ್ವರ್ ಜಾಗದಲ್ಲಿ. (ವಿಕಿಯೊಳಗೇ ಓಡುವ ಜಾವಾಸ್ಕ್ರಿಪ್ಟ್ ಆಗಿಯೂ ಬರೆದು ನೋಡಿದ್ದೆ. ತೆರೆದಿರುವ ಒಂದು ಪುಟಕ್ಕೆ ಅದು ಸಾಕು. 30,000ಕ್ಕೂ ಹೆಚ್ಚು ಲೇಖನಗಳನ್ನು ಜಾಲಾಡುವುದು ಬ್ರೌಸರಿನ ಕೆಲಸವಲ್ಲ.)

ಬಾಡಿಗೆ ಸರ್ವರಿನಲ್ಲಿ ಯಾರ ಅಪ್ಪಣೆಯೂ ಬೇಡ. ಬೇಕಾದ ಪೈಥಾನ್ ಆವೃತ್ತಿ, ಬೇಕಾದ ಡೇಟಾಬೇಸ್, ಮಧ್ಯರಾತ್ರಿ ರೀಬೂಟ್, ಎಲ್ಲವೂ ನಮ್ಮಿಷ್ಟ. ಆದರೆ ವಿಕಿಯ ಮಾಹಿತಿ ಅಲ್ಲಿಂದ ದೂರ. ವಿಕಿಪೀಡಿಯದ ಡಂಪ್ (ಇಡೀ ವಿಕಿಯ ಮಾಹಿತಿಯನ್ನು ಒಟ್ಟಿಗೆ ಕೊಡುವ ಕಡತಗಳು) ಸಿದ್ಧವಾಗಲು ತೊಡಗುವುದು ತಿಂಗಳ 1 ಮತ್ತು 20ರಂದು. ಅದನ್ನು ಇಳಿಸಿಕೊಂಡು, ಬಿಚ್ಚಿ, ನನ್ನ ಡೇಟಾಬೇಸಿಗೆ ತುಂಬುತ್ತಿದ್ದೆ. ಹಾಗಾಗಿ ಇವತ್ತು ಯಾರೋ ಮೂರು ಉಲ್ಲೇಖ ಸೇರಿಸಿದ ಲೇಖನ ಎರಡು ವಾರ ಕಳೆದರೂ ಪಟ್ಟಿಯಲ್ಲೇ ಕೂತಿರುತ್ತಿತ್ತು. ನಿವೃತ್ತ ಮೇಷ್ಟ್ರೊಬ್ಬರು ಕೇಳಿದರು: “ನಾನು ಮಾಡಿದ್ದು ನಿಮ್ಮ ಪಟ್ಟಿಗೆ ಕಾಣಿಸಲೇ ಇಲ್ಲವೇನ್ರೀ?” ನನಗೆ ಮಾತು ಹೊರಡಲಿಲ್ಲ.

ಟೂಲ್‌ಫೋರ್ಜ್‌ನಲ್ಲಿ ಈ ತಾಪತ್ರಯವೇ ಇಲ್ಲ. ವಿಕಿಗಳ ಡೇಟಾಬೇಸಿನ ಜೀವಂತ ಪ್ರತಿಗಳು, ಅಂದರೆ ವಿಕಿ ಬದಲಾದಂತೆ ತಾವೂ ಬದಲಾಗುವ ಪ್ರತಿಗಳು, ಅಲ್ಲೇ ಕೈಗೆ ಸಿಗುತ್ತವೆ. ಪುಟಗಳ ಕೋಷ್ಟಕವನ್ನು ಹೊರಕೊಂಡಿಗಳ ಕೋಷ್ಟಕದ ಜೊತೆ ಲೆಫ್ಟ್ ಜಾಯಿನ್ ಮಾಡಿ (ಯಾವ ಪುಟವನ್ನೂ ಬಿಡದೆ ಅದರ ಕೊಂಡಿಗಳ ಜೊತೆ ಹೊಂದಿಸಿ), ಜೋಡಿ ಸಿಗದ ಸಾಲುಗಳನ್ನು ಹೆಕ್ಕಿದರೆ ಪಟ್ಟಿ ತಯಾರು. ಡಂಪಿಗಾಗಿ ಬರೆದಿದ್ದ ಅಷ್ಟೂ ಕೋಡನ್ನು ಅಳಿಸಿಹಾಕಿದೆ. ಒಂದು ವಿಷಯ ಮೊದಲೇ ಗೊತ್ತಿರಲಿ: ಆ ಪ್ರತಿಗಳಲ್ಲಿ ಲೇಖನದ ಪಠ್ಯ ಇರುವುದಿಲ್ಲ. ಪಠ್ಯ ಬೇಕೆಂದರೆ ಎಪಿಐ (ಪ್ರೋಗ್ರಾಮುಗಳು ವಿಕಿಯನ್ನು ನೇರ ಕೇಳಿ ಮಾಹಿತಿ ಪಡೆಯುವ ದಾರಿ) ಮೂಲಕವೋ ಡಂಪಿನಿಂದಲೋ ತರಬೇಕು.

ಬಾಡಿಗೆ ಇಲ್ಲ, ಆದರೆ ಊರಿನ ಕಟ್ಟಳೆಗೆ ಒಪ್ಪಿಕೊಳ್ಳಬೇಕು. ಕೋಡ್ ಮುಕ್ತ ಪರವಾನಗಿಯಲ್ಲೇ ಇರಬೇಕು. ಓದುಗರ ಖಾಸಗಿತನ ಕಾಯುವ ನಿಯಮದಿಂದಾಗಿ ಹೊರಗಿನ ತಾಣಗಳಿಂದ ಫಾಂಟು, ಸ್ಕ್ರಿಪ್ಟು ಎಳೆದುಕೊಳ್ಳುವಂತಿಲ್ಲ. ನೋಟೊ ಸಾನ್ಸ್ ಕನ್ನಡ ಫಾಂಟನ್ನು ಆ್ಯಪ್‌ನೊಳಗೇ ಇಟ್ಟುಕೊಂಡೆ. ಈ ನಿಯಮ ನನಗೆ ಮನಸಾರೆ ಒಪ್ಪಿಗೆ. ಮೆಮೊರಿಗೆ ಮಿತಿಯುಂಟು, ಹೆಚ್ಚು ಬೇಕಾದರೆ ಕಾರಣ ಕೊಟ್ಟು ಕೇಳಬೇಕು. ಅವರು ಮನೆ ಬದಲಿಸಿದಾಗ ನಾವೂ ಗಂಟುಮೂಟೆ ಕಟ್ಟಬೇಕು: 2024ರ ಮಾರ್ಚ್‌ನಲ್ಲಿ ಆ್ಯಪ್‌ಗಳನ್ನು ಓಡಿಸುತ್ತಿದ್ದ ಹಳೆಯ ವ್ಯವಸ್ಥೆ ಗ್ರಿಡ್ ಎಂಜಿನ್ ಮುಚ್ಚಿತು, ಅದರ ಮೇಲೆ ಓಡುತ್ತಿದ್ದ ಕೆಲಸವನ್ನೆಲ್ಲ ಅದೇ ಕೆಲಸ ಮಾಡುವ ಹೊಸ ವ್ಯವಸ್ಥೆ ಕುಬರ್ನೆಟೀಸ್‌ಗೆ ಸಾಗಿಸಬೇಕಾಯಿತು. ಮೊದಲೇ ತಿಳಿಸಿದ್ದರು. ಆದರೂ ನನ್ನ ನಾಲ್ಕು ಭಾನುವಾರ ಅದಕ್ಕೇ ಹೋದವು.

ಹಾಗಾದರೆ ಸ್ವಾತಂತ್ರ್ಯ? ನನ್ನ ಮಟ್ಟಿಗೆ ಅದು ಕೋಡಿನಲ್ಲಿದೆ, ಸರ್ವರಿನಲ್ಲಲ್ಲ. ಕೋಡನ್ನೂ ಅದರ ಬದಲಾವಣೆಗಳನ್ನೂ ಕಾಪಿಡುವ ಗಿಟ್ ಭಂಡಾರ ನನ್ನದೇ. ಯಾವ ಸಾರ್ವಜನಿಕ ಗಿಟ್ ವಿಳಾಸ ಕೊಟ್ಟರೂ ಟೂಲ್‌ಫೋರ್ಜ್ ಅಲ್ಲಿಂದ ಕೋಡ್ ತೆಗೆದುಕೊಂಡು ಆ್ಯಪ್ ಕಟ್ಟಿಕೊಡುತ್ತದೆ. ನಾಳೆ ಬೇರೆ ಕಡೆ ಹೋಗಬೇಕೆಂದರೂ ಹೊರಡಬಹುದು.

ನನ್ನನ್ನು ಒಪ್ಪಿಸಿದ್ದು ಮಾತ್ರ ಇದಾವುದೂ ಅಲ್ಲ. ಬಾಡಿಗೆಯ ಕಾಲದಲ್ಲಿ ಅಮ್ಮನ ಆಪರೇಷನ್ನಿಗೆಂದು ಮೂರು ವಾರ ಆಸ್ಪತ್ರೆಯಲ್ಲಿದ್ದೆ. ಕಾರ್ಡಿನ ಅವಧಿ ಮುಗಿದು ಸರ್ವರ್ ನಿಂತಿತು. ಅದೇ ವಾರ ಸಂಪಾದನೋತ್ಸವ, ಎಲ್ಲರೂ ಸೇರಿ ವಿಕಿ ಲೇಖನ ತಿದ್ದುವ ಕೂಟ. ಪಾಸ್‌ವರ್ಡ್ ಗೊತ್ತಿದ್ದದ್ದು ನನಗೊಬ್ಬನಿಗೇ. ಇಪ್ಪತ್ತು ವಿದ್ಯಾರ್ಥಿಗಳು ಖಾಲಿ ಪುಟ ನೋಡಿಕೊಂಡು ಕೂತರು. ಟೂಲ್‌ಫೋರ್ಜ್‌ನಲ್ಲಿ ಒಂದು ಆ್ಯಪ್‌ಗೆ ಹಲವು ನಿರ್ವಾಹಕರನ್ನು ಸೇರಿಸಬಹುದು. ಪ್ರತಿಯೊಬ್ಬರೂ ತಮ್ಮದೇ ಕೀಲಿಯಿಂದ ಒಳಬರುತ್ತಾರೆ, ಪಾಸ್‌ವರ್ಡ್ ಹಂಚುವ ಮಾತೇ ಇಲ್ಲ. ಯಾರೂ ನೋಡಿಕೊಳ್ಳದೆ ಬಿಟ್ಟ ಆ್ಯಪ್ ಅನ್ನು ಇನ್ನೊಬ್ಬರು ಕೇಳಿ ವಹಿಸಿಕೊಳ್ಳಲೂ ಅಲ್ಲಿ ನಿಯಮವಿದೆ.

ವಿಕಿಯ ಮಾಹಿತಿ ಬೇಡದ, ಭಾರೀ ಲೆಕ್ಕ ಹಾಕುವ ಆ್ಯಪ್ ಆಗಿದ್ದರೆ ಇವತ್ತಿಗೂ ಬಾಡಿಗೆ ಸರ್ವರನ್ನೇ ಹಿಡಿಯುತ್ತೇನೆ. ಈ ಪಟ್ಟಿಗೆ ಈಗ ನಾವು ಮೂವರು ನಿರ್ವಾಹಕರು. ಕಳೆದ ತಿಂಗಳು ನಾನು ಬಸ್ಸಿನಲ್ಲಿದ್ದಾಗ ಆ್ಯಪ್ ನಿಂತುಹೋಗಿತ್ತು. ಇಳಿದು ಫೋನ್ ನೋಡುವಷ್ಟರಲ್ಲಿ ಮಂಗಳೂರಿನ ಗೆಳತಿ ಅದನ್ನು ಎಬ್ಬಿಸಿ, ತಪ್ಪನ್ನೂ ತಿದ್ದಿ, “ಆಯ್ತು ಮಾರಾಯ, ನೋಡು” ಎಂದು ಬರೆದಿದ್ದಳು.