ಬಾಲ ಆಡಿಸುವ ಟ್ರೇಲರಿಗೆ ಯಾವ ಹುಕ್ಕು?

ಬೈಲುಕುಪ್ಪೆ ದಾಟಿದ ಮೇಲೆ ಸಿಗುವ ನೇರ ರಸ್ತೆಯಲ್ಲಿ ಒಂದು ಬಸ್ಸು ನಮ್ಮನ್ನು ಓವರ್‌ಟೇಕ್ ಮಾಡಿತು. ನಾನು ಗಂಟೆಗೆ 70ರಲ್ಲಿದ್ದೆ. ಬಸ್ಸಿನ ಗಾಳಿ ಟ್ರೇಲರಿನ ಹಿಂಭಾಗವನ್ನು ಒಮ್ಮೆ ನೂಕಿ ಒಮ್ಮೆ ಎಳೆಯಿತು ನೋಡಿ, ಮುಂದಿನ ಐದಾರು ಸೆಕೆಂಡು ಜೀಪು ಓಡಿಸಿದ್ದು ನಾನಲ್ಲ, ಹಿಂದಿದ್ದ ಟ್ರೇಲರು. ಬ್ರೇಕ್ ತುಳಿಯಲಿಲ್ಲ, ಪುಣ್ಯ. ಆಕ್ಸಿಲರೇಟರಿನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೆಟ್ಟಗೆ ಹಿಡಿದು ಕೂತೆ. ವೇಗ ಇಳಿದಂತೆ ಅದೂ ಸುಮ್ಮನಾಯಿತು. ನನ್ನ ಹೆಂಡತಿ ಮಾತ್ರ ಹುಣಸೂರು ಬರುವ ತನಕ ಒಂದು ಮಾತೂ ಆಡಲಿಲ್ಲ.

ಅಲ್ಲಿಂದಾಚೆಗೆ ಎರಡು ವರ್ಷದಲ್ಲಿ ಟ್ರೇಲರನ್ನು ಜೀಪಿಗೆ ಜೋಡಿಸುವ ನಾಲ್ಕು ಬಗೆಯ ಹುಕ್ಕು ಹಾಕಿ ನೋಡಿದ್ದೇನೆ. ಪರೀಕ್ಷೆಗೆ ಮೂರು ದಾರಿ: ಕುಶಾಲನಗರದಿಂದ ಹುಣಸೂರಿನ ನೇರ ರಸ್ತೆ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವ ಘಾಟಿ, ಮತ್ತೆ ಗೇಟಿನಿಂದ ಕಣದವರೆಗಿನ ನಮ್ಮ ತೋಟದ ದಾರಿ. ಮೂರರಲ್ಲಿ ಕೆಟ್ಟದ್ದು ಕೊನೆಯದೇ.

ಹುಕ್ಕಿನ ಮಾತಿಗೆ ಮುಂಚೆ ತೂಕದ ಮಾತು. ಎರಡು ಹಾಸಿಗೆ, ಗ್ಯಾಸ್ ಒಲೆ, ಹಿಂಬದಿಯಲ್ಲಿ 100 ಲೀಟರಿನ ನೀರಿನ ಟ್ಯಾಂಕು ಇರುವ ಸಣ್ಣ ಟ್ರೇಲರು ನಮ್ಮದು. ಎಲ್ಲ ತುಂಬಿಸಿ ವೇ ಬ್ರಿಡ್ಜಿಗೆ ಹತ್ತಿಸಿದರೆ 860 ಕೆಜಿ. ಆದರೆ ಅದರ ಮೂತಿ ಹುಕ್ಕಿನ ಮೇಲೆ ಎಷ್ಟು ಭಾರ ಊರುತ್ತದೆ ಎಂದು ನಾನು ಯಾವತ್ತೂ ನೋಡಿರಲಿಲ್ಲ. ಕಾಫಿ ಚೀಲ ತೂಗುವ ತಕ್ಕಡಿಯನ್ನೇ ಎಳೆದು ತಂದು ಮೂತಿಯ ಕೆಳಗಿಟ್ಟೆವು. ಬರೀ 38 ಕೆಜಿ! ಒಟ್ಟು ತೂಕದ ನೂರಕ್ಕೆ ಐದೂ ಇಲ್ಲ. ಅಮೆರಿಕದವರು ನೂರಕ್ಕೆ 10ರಿಂದ 15 ಇರಬೇಕು ಅನ್ನುತ್ತಾರೆ. ನೀರಿನ ಟ್ಯಾಂಕನ್ನು ಅಚ್ಚಿನ ಮುಂದಕ್ಕೆ ಸರಿಸಿದಾಗ 90ಕ್ಕೆ ಬಂತು. ಅದೇ ಹಳೆಯ ಹುಕ್ಕಿನಲ್ಲೇ ಮತ್ತೆ ಹುಣಸೂರಿಗೆ ಹೋದೆ, ಅರ್ಧದಷ್ಟು ಓಲಾಟ ಕಾಸು ಖರ್ಚಿಲ್ಲದೆ ಹೋಗಿತ್ತು. ಹಿಂದೆ ಭಾರ ಹೇರಿಕೊಂಡು ದುಬಾರಿ ಹುಕ್ಕು ಹಾಕಿಸುವುದು ಸೋರುವ ಮಾಡಿಗೆ ಬಣ್ಣ ಬಳಿದ ಹಾಗೆ.

ಆ ಹಳೆಯ ಹುಕ್ಕು ಎಂದರೆ ಮಿಲಿಟರಿ ಜೀಪಿನ ಕೊಕ್ಕೆ. ಕೊಡಗಿನಲ್ಲಿ ಇದನ್ನು ಹೊಸದಾಗಿ ಪರಿಚಯಿಸಬೇಕಾಗಿಲ್ಲ, ಹಳೆಯ ತೋಟದ ಜೀಪುಗಳ ಹಿಂದೆ ನೋಡಿಯೇ ಇರುತ್ತೀರಿ. ಟ್ರೇಲರಿನ ಉಂಗುರ ಕೊಕ್ಕೆಯೊಳಗೆ ಸಡಿಲವಾಗಿ ಕೂರುತ್ತದೆ. ಜೀಪು ಒಂದು ಕಡೆ ವಾಲಿ ಟ್ರೇಲರು ಇನ್ನೊಂದು ಕಡೆ ವಾಲಿದರೂ ಅದಕ್ಕೆ ಏನೂ ಆಗದು. ತೋಟದೊಳಗೆ ಇದನ್ನು ಮೀರಿಸಿದ್ದು ಇಲ್ಲ. ಆದರೆ ಆ ಸಡಿಲವೇ ಘಾಟಿಯಲ್ಲಿ ಶತ್ರು. ಪ್ರತಿ ತಿರುವಿಗೆ ಬ್ರೇಕ್ ಹಿಡಿದಾಗಲೂ ಹಿಂದಿನಿಂದ ಒಂದು ಗುದ್ದು. ಓಲಾಟ ತಡೆಯುವ ಗುಣವಂತೂ ಸೊನ್ನೆ.

ಎರಡನೆಯದು ಬಾಲ್ ಹಿಚ್: ಜೀಪಿನ ಹಿಂದೆ ಉಕ್ಕಿನ ಗುಂಡು, ಅದೇ ಬಾಲ್; ಅದರ ಮೇಲೆ ಕವುಚಿ ಕೂರುವ ಬಟ್ಟಲು, ಅಂದರೆ ಕಪ್ಪು, ಟ್ರೇಲರಿನ ಮೂತಿಯಲ್ಲಿ. ಜೊತೆಗೆ ಪಕ್ಕದಲ್ಲಿ ಫ್ರಿಕ್ಷನ್ ಬಾರ್. ಬಾಲ್ ಕೊಳ್ಳುವವರಿಗೆ ಒಂದು ಎಚ್ಚರಿಕೆ: ಯುರೋಪಿನ ಅಳತೆ 50 ಮಿಲಿಮೀಟರ್, ಅಮೆರಿಕದ ಎರಡಿಂಚು ಅಂದರೆ 50.8. ಕಣ್ಣಿಗೆ ಎರಡೂ ಒಂದೇ, ಬಾಲ್ ಒಂದು ಕಡೆಯದು, ಕಪ್ಪು ಇನ್ನೊಂದು ಕಡೆಯದು ಆಗಬಾರದು. ಇನ್ನು ಬಾರ್. ಬ್ರೇಕ್ ಪ್ಯಾಡಿನಂಥ ಎರಡು ಪಟ್ಟಿಗಳ ನಡುವೆ ಒಂದು ಉಕ್ಕಿನ ಪಟ್ಟಿ ಜಾರುತ್ತದೆ, ಹಿಡಿಕೆ ತಿರುಗಿಸಿ ಬಿಗಿ ಮಾಡಿದಷ್ಟೂ ಟ್ರೇಲರು ಅಡ್ಡ ತಿರುಗಲು ಹಟ ಮಾಡುತ್ತದೆ. ಫೆಬ್ರವರಿಯ ಒಣ ರಸ್ತೆಯಲ್ಲಿ ಮೊದಲ ಸಲ ಹಾಕಿದಾಗ ಖುಷಿಯೋ ಖುಷಿ. ಲಾರಿಗಳು ಪಕ್ಕದಲ್ಲೇ ಹಾದುಹೋದರೂ ಒಂದು ಸಣ್ಣ ಅಲುಗಾಟ, ಅಷ್ಟೇ.

ಜೂನ್ ಬಂತು. ಬಾರ್ ಜೊತೆ ಬಂದ ಪುಸ್ತಕವನ್ನು ನಾನು ಪೂರ್ತಿ ಓದಿದ್ದು ಆಗ. ಜಾರುವ ರಸ್ತೆಯಲ್ಲಿ, ಸಡಿಲ ಜಲ್ಲಿಯ ಮೇಲೆ ಹಿಡಿಕೆಯನ್ನು ಪೂರ್ತಿ ಸಡಿಲ ಮಾಡಿ ಎಂದು ಅದರಲ್ಲಿ ಬರೆದಿತ್ತು. ಕಾರಣವೂ ಸರಿಯೇ: ನೆಲ ಜಾರುವಾಗ ಬಾರ್ ಬಿಗಿಯಾಗಿದ್ದರೆ ಸ್ಟಿಯರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗಲು ನೋಡುತ್ತದೆ. ಮಡಿಕೇರಿ ಮಳೆಯಲ್ಲಿ ಒಣ ರಸ್ತೆ ಎಲ್ಲಿಂದ ತರಲಿ? ಸೆಪ್ಟೆಂಬರ್ ಮುಗಿಯುವವರೆಗೆ ಅದು ಬರೀ ಅಲಂಕಾರ. ರಿವರ್ಸ್ ತೆಗೆಯುವ ಮುಂಚೆ ಅದನ್ನು ಕಳಚಲೂ ಬೇಕು. ನಮ್ಮ ಕಣಕ್ಕೆ ಹಿಂದಕ್ಕೆ ಹೊಡೆಯದೆ ಟ್ರೇಲರು ನುಗ್ಗುವುದಿಲ್ಲ. ಕೊಡೆ ಹಿಡಿದು, ಜಿಗಣೆ ಕಿತ್ತುಕೊಳ್ಳುತ್ತ ಪಿನ್ನು ಕಳಚಿದವರಿಗಷ್ಟೇ ಅದರ ಕಷ್ಟ ಗೊತ್ತು.

ಮೂರನೆಯದು ಯುರೋಪಿನ ಕ್ಯಾರವಾನುಗಳಲ್ಲಿ ಇರುವ ಸ್ಟೆಬಿಲೈಸರ್ ಕಪ್ಲಿಂಗ್. ಆಲ್ಕೊ, ವಿಂಟರ್‌ಹಾಫ್ ಕಂಪನಿಗಳು ಮಾಡುತ್ತವೆ. ಇಲ್ಲಿ ಪ್ಯಾಡುಗಳು ಕಪ್ಪಿನ ಒಳಗೇ ಇವೆ. ಮೇಲಿನ ಹಿಡಿಯನ್ನು ಅದುಮಿದರೆ ಅವು ಬಾಲನ್ನೇ ಗಟ್ಟಿಯಾಗಿ ಹಿಡಿಯುತ್ತವೆ. ಕಳಚುವ ರಗಳೆಯಿಲ್ಲ, ರಿವರ್ಸಿಗೂ ಅಡ್ಡಿಯಿಲ್ಲ. ಇದಕ್ಕೆ ಕತ್ತು ಉದ್ದದ ಬಾಲ್ ಬೇಕಾಯಿತು. ಹಾಕಿಸುವಾಗಲೇ ಓವರ್‌ರನ್ ಬ್ರೇಕನ್ನೂ ಕೂಡಿಸಿದೆ, ಅಂದರೆ ಟ್ರೇಲರು ಹಿಂದಿನಿಂದ ಜೀಪನ್ನು ನೂಕಿದಾಗ ಆ ನೂಕಿಗೇ ಹಿಡಿಯುವ ಟ್ರೇಲರಿನ ಬ್ರೇಕು. 750 ಕೆಜಿ ಮೀರಿದ ಟ್ರೇಲರಿಗೆ ಯುರೋಪಿನಲ್ಲಿ ಬ್ರೇಕು ಕಡ್ಡಾಯ, ನಾನು ಅದಿಲ್ಲದೆ ಘಾಟಿ ಇಳಿಯುತ್ತಿದ್ದದ್ದು ಬರೀ ಭಂಡತನ. ಹಾಗಾಗಿ ಸಂಪಾಜೆ ಇಳಿಜಾರಿನಲ್ಲಿ ಸಿಕ್ಕ ನೆಮ್ಮದಿಯಲ್ಲಿ ಅರ್ಧ ಪಾಲು ಬ್ರೇಕಿನದು, ಅದನ್ನು ಕಪ್ಲಿಂಗಿನ ಲೆಕ್ಕಕ್ಕೆ ಬರೆಯುವುದು ಸರಿಯಲ್ಲ. ಆದರೆ ಹುಣಸೂರು ರಸ್ತೆಯ ನೆಮ್ಮದಿ ಪೂರ್ತಿ ಅದರದೇ. ಬಿಗಿ ಮಾಡಿದ ಫ್ರಿಕ್ಷನ್ ಬಾರಿಗಿಂತ ಒಂದು ಕೂದಲೆಳೆ ಕಡಿಮೆ ಇರಬಹುದು, ದೂರಲು ಮನಸ್ಸಿಲ್ಲ.

ಇದರ ಶತ್ರು ಗ್ರೀಸು. ನಮ್ಮ ಡ್ರೈವರಿಗೆ ಕಬ್ಬಿಣ ಕಂಡಲ್ಲೆಲ್ಲ ಗ್ರೀಸ್ ಮೆತ್ತುವ ಅಭ್ಯಾಸ. ಒಂದು ಬೆಳಿಗ್ಗೆ ನೋಡಿದರೆ ಬಾಲ್ ಪಳಪಳ ಹೊಳೆಯುತ್ತಿದೆ. “ತುಂಬ ಒಣಗಿತ್ತು ಸಾವ್ಕಾರ್ರೇ, ಅದ್ಕೇ ಚೆನ್ನಾಗಿ ಹಾಕ್ದೆ” ಅಂದ. ಮಾಮೂಲಿ ಬಾಲ್ ಆಗಿದ್ದರೆ ಭೇಷ್ ಅನ್ನುತ್ತಿದ್ದೆ. ಇಲ್ಲಿ ಪ್ಯಾಡಿನ ಹಿಡಿತವೇ ಹೋಯಿತು. ಹೊಸ ಪ್ಯಾಡು ಬರುವ ತನಕ ಮೂರು ವಾರ ಟ್ರೇಲರು ಶೆಡ್ಡಿನಲ್ಲೇ ನಿಂತಿತು.

ನಾಲ್ಕನೆಯದು ಅಮೆರಿಕದಿಂದ ಬಂದ ಭಾವ ಹೊತ್ತು ತಂದ ವೇಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್. ಎರಡು ದಪ್ಪ ಸ್ಪ್ರಿಂಗ್ ಬಾರುಗಳು ಮೂತಿಯ ಭಾರವನ್ನು ಜೀಪಿನ ಮುಂದಿನ ಚಕ್ರಕ್ಕೂ ಟ್ರೇಲರಿನ ಅಚ್ಚಿಗೂ ಹಂಚುತ್ತವೆ. ದೊಡ್ಡ ಉದ್ದದ ಟ್ರೇಲರಿಗೆ ಅದು ಬೇಕೇ ಬೇಕು, ಒಪ್ಪುತ್ತೇನೆ. ನನ್ನ 90 ಕೆಜಿ ಮೂತಿಗೆ ಅದು ಇಲಿಗೆ ಆನೆ ಸರಪಳಿ. ಮೋರಿಯ ಹಳ್ಳಕ್ಕೆ ಜೀಪು ಇಳಿದು ಏರುವಾಗ ಬಾರುಗಳು ಕಿರುಗುಟ್ಟಿದ ಸದ್ದಿಗೆ ಎರಡೇ ದಿನದಲ್ಲಿ ಬಿಚ್ಚಿಟ್ಟೆ. ಭಾವನಿಗೆ ಇನ್ನೂ ಹೇಳಿಲ್ಲ.

ಈಗ ತೋಟದ ಕೆಲಸದ ಟ್ರೇಲರಿಗೆ ಹಳೇ ಕೊಕ್ಕೆ, ಊರು ಸುತ್ತುವ ಟ್ರೇಲರಿಗೆ ಸ್ಟೆಬಿಲೈಸರ್ ಕಪ್ಲಿಂಗ್. ಬಯಲುಸೀಮೆಯವನಾಗಿದ್ದರೆ, ಟ್ರೇಲರಿಗೆ ಓವರ್‌ರನ್ ಬ್ರೇಕ್ ಇಲ್ಲದಿದ್ದರೆ, ಫ್ರಿಕ್ಷನ್ ಬಾರನ್ನೇ ಇಟ್ಟುಕೊಳ್ಳುತ್ತಿದ್ದೆ. ಆ ಬ್ರೇಕಿನ ಜೊತೆ ಬಾರ್ ಹಾಕಬೇಡಿ ಎಂದು ಪುಸ್ತಕವೇ ಹೇಳುತ್ತದೆ. ಸೇಫ್ಟಿ ಚೈನನ್ನು ಯಾವ ಹುಕ್ಕಿದ್ದರೂ ಬಿಟ್ಟಿಲ್ಲ. ಗ್ರೀಸಿನ ಪ್ರಸಂಗ ಆದ ಮೇಲೆ ನಮ್ಮ ಡ್ರೈವರು ಬಾಲಿಗೆ ತೆಂಗಿನ ಚಿಪ್ಪೊಂದನ್ನು ಕವುಚಿ, ಹಗ್ಗದಲ್ಲಿ ಕಟ್ಟಿಟ್ಟಿದ್ದಾನೆ. ಎರಡು ಮಳೆಗಾಲ ಕಳೆದರೂ ಒಳಗೆ ಒಂದು ಹನಿ ನೀರು ಇಳಿದಿಲ್ಲ.