ಆಫೀಸಿನ ಮಂಡೆಬಿಸಿಗೆ 14416: ಕಾಸರಗೋಡಿನ ಕನ್ನಡಿಗರಿಗೆ ಎಷ್ಟು ಉಪಯೋಗ?

14416 ಎಂಬುದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿಯ ನಂಬರು. ಇದು ಪರಿಸ್ಥಿತಿ ತೀರಾ ಕೈಮೀರಿದವರಿಗೆ ಮಾತ್ರ ಇರುವ ನಂಬರು ಎಂದು ಹೆಚ್ಚಿನವರು ತಿಳಿದಿದ್ದಾರೆ. ಹಾಗೇನಿಲ್ಲ. ಮ್ಯಾನೇಜರ್ ಎಲ್ಲರೆದುರು ಗದರಿಸಿದ್ದು, ಕೌಂಟರಿನಲ್ಲಿ ಗಿರಾಕಿ ಬೈದದ್ದು, ನಾಳಿನ ಮೀಟಿಂಗಿನ ಯೋಚನೆಯಲ್ಲಿ ನಿದ್ದೆ ಹಾರಿಹೋದದ್ದು, ಇವನ್ನೂ ಅಲ್ಲಿ ಹೇಳಿಕೊಳ್ಳಬಹುದು. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಶುರುಮಾಡಿದ ಈ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಇದೆ, ದುಡ್ಡು ಕೊಡಬೇಕಾಗಿಲ್ಲ, ಭಾಷೆ ಆರಿಸಿಕೊಳ್ಳಬಹುದು, ಆ ಪಟ್ಟಿಯಲ್ಲಿ ಕನ್ನಡವೂ ಇದೆ.

ನಮ್ಮ ಊರಿನ ಮಟ್ಟಿಗೆ ಈ ಕೊನೆಯದೇ ದೊಡ್ಡ ಅನುಕೂಲ. ಮಂಜೇಶ್ವರ, ಬದಿಯಡ್ಕ, ಮುಳ್ಳೇರಿಯದ ಕಡೆಯ ಎಷ್ಟೋ ಮಂದಿ ಮನೆಯಲ್ಲಿ ಕನ್ನಡವೋ ತುಳುವೋ ಮಾತಾಡಿ, ಆಫೀಸಿನಲ್ಲಿ ಮಲಯಾಳದಲ್ಲಿ ಉತ್ತರ ಕೊಡಬೇಕು. ಕಲಿತ ಭಾಷೆಯಲ್ಲಿ ಲೆಕ್ಕಪತ್ರ ವಿವರಿಸಬಹುದು. ಸಿಟ್ಟು ಬಂದ ಹೊತ್ತಿಗೆ ಮಾತು ತಡವರಿಸುತ್ತದೆ, ಕೊನೆಗೆ ಎಲ್ಲವನ್ನೂ ನುಂಗಿಕೊಳ್ಳುವುದೇ ಅಭ್ಯಾಸವಾಗುತ್ತದೆ. ನುಂಗಿದ್ದರಿಂದ ಸಿಟ್ಟು ಕರಗುವುದಿಲ್ಲ. ಜೇಮ್ಸ್ ಗ್ರಾಸ್ ಮತ್ತು ರಾಬರ್ಟ್ ಲೆವೆನ್ಸನ್ ಎಂಬ ಮನಶ್ಶಾಸ್ತ್ರಜ್ಞರು 1990ರ ದಶಕದಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ: ಭಾವನೆಯನ್ನು ಮುಖದಲ್ಲಿ ತೋರಿಸದೆ ಅದುಮಿಟ್ಟವರು ಹೊರಗೆ ಶಾಂತವಾಗಿ ಕಂಡರೂ ಹೃದಯ, ರಕ್ತನಾಳಗಳ ಮೇಲಿನ ಒತ್ತಡ ಹೆಚ್ಚುತ್ತದೆ.

ಕರೆಗಳು ಆಯಾ ರಾಜ್ಯದ ಕೇಂದ್ರಕ್ಕೆ ಹೋಗುವಂತೆ ಈ ಸೇವೆಯನ್ನು ಜೋಡಿಸಲಾಗಿದೆ. ಕಾಸರಗೋಡಿನ ಕರೆ ಕೇರಳದ ಕೇಂದ್ರಕ್ಕೆ ಹೋದೀತು, ಆದ್ದರಿಂದ ಭಾಷೆ ಕೇಳಿದಾಗಲೇ ಕನ್ನಡ ಆರಿಸಿ. ಅತ್ತ ಮಲಯಾಳದಲ್ಲಿ ಮಾತು ಶುರುವಾದರೆ, ವಿಷಯ ತೆಗೆಯುವ ಮೊದಲೇ "ಕನ್ನಡದಲ್ಲಿ ಮಾತಾಡುವವರು ಬೇಕಿತ್ತು" ಎಂದು ಕೇಳಿಬಿಡಿ. ಅರ್ಧ ಕಥೆ ಹೇಳಿದ ಮೇಲೆ ಮತ್ತೊಬ್ಬರಿಗೆ ಮೊದಲಿನಿಂದ ಹೇಳುವುದೆಂದರೆ ಹೇಳುವ ಮನಸ್ಸೇ ಹೋಗುತ್ತದೆ. ಮಂಗಳೂರಿನಿಂದ ಸಂಜೆ ಹಿಂದಿರುಗುವ ಬಸ್ಸಿನಲ್ಲಿ ಕೂತು ಕರೆ ಮಾಡಬೇಡಿ. ತಲಪಾಡಿ ದಾಟುವಾಗ ಲೈನು ಕಡಿದೀತು, ಪಕ್ಕದ ಸೀಟಿನಲ್ಲಿ ಪರಿಚಯದವರೇ ಇದ್ದಾರು. ಕಂಪೆನಿ ಕೊಟ್ಟ ಫೋನೂ ಬೇಡ.

ಕರೆಯ ಫಲ ಬಹುಮಟ್ಟಿಗೆ ನಾವು ಏನು ಹಿಡಿದುಕೊಂಡು ಹೋಗುತ್ತೇವೆ ಎಂಬುದರ ಮೇಲಿದೆ. "ಆಫೀಸೇ ಸರಿಯಿಲ್ಲ" ಎಂದು ಶುರುಮಾಡಿದರೆ ಸಮಾಧಾನದ ಮಾತಷ್ಟೇ ಸಿಕ್ಕೀತು. ಒಂದೇ ಒಂದು ಘಟನೆ ಆರಿಸಿ, ನಾಲ್ಕು ಸಾಲು ಬರೆದಿಟ್ಟುಕೊಳ್ಳಿ. ಏನು ನಡೆಯಿತು, ಆಡಿದ ಮಾತು ಇದ್ದ ಹಾಗೇ. ಮೈಗೆ ಏನಾಯಿತು: ಎದೆ ಹೊಡೆದುಕೊಂಡಿತೇ, ಕೈ ನಡುಗಿತೇ, ಗಂಟಲು ಕಟ್ಟಿತೇ. ಆ ಗಳಿಗೆಯಲ್ಲಿ ತಲೆಯಲ್ಲಿ ಬಂದ ಯೋಚನೆ ಯಾವುದು. ಆಮೇಲೆ ನೀವು ಏನು ಮಾಡಿದಿರಿ. ಮೂರನೆಯ ಸಾಲನ್ನು ಜನ ಬಿಟ್ಟುಬಿಡುತ್ತಾರೆ, ಆದರೆ ಕೆಲಸ ಆಗುವುದು ಅದರ ಮೇಲೆಯೇ. "ವರದಿಯಲ್ಲಿ ತಪ್ಪಿದೆ ಎಂದರು" ಎಂಬುದಕ್ಕೂ "ನನ್ನಿಂದ ಏನೂ ಆಗದು ಎಂದು ಎಲ್ಲರಿಗೂ ಗೊತ್ತಾಯಿತು" ಎಂಬುದಕ್ಕೂ ಇರುವ ಅಂತರವನ್ನು ಆಪ್ತಸಮಾಲೋಚಕರು ಹಿಡಿದು ತೋರಿಸಬಲ್ಲರು. ಕೊನೆಯಲ್ಲಿ ಕೇಳಿ: "ನಾಳೆ ಅವರ ಎದುರು ನಿಂತಾಗ ಏನು ಹೇಳಲಿ?" ಆ ವಾಕ್ಯವನ್ನು ಫೋನಿನಲ್ಲೇ ಒಮ್ಮೆ ಗಟ್ಟಿಯಾಗಿ ಹೇಳಿ ನೋಡಿ.

ತೀರಾ ಉದ್ವೇಗವಿದ್ದರೆ ಡಯಲ್ ಮಾಡುವ ಮೊದಲು ಎರಡು ಮೂರು ನಿಮಿಷ ಉಸಿರಾಟ ನಿಧಾನಿಸಿ: ನಾಲ್ಕು ಎಣಿಸುವಷ್ಟು ಒಳಗೆ, ಆರು ಎಣಿಸುವಷ್ಟು ಹೊರಗೆ. ತಲೆ ಸುತ್ತಿದರೆ ಉಸಿರು ಅತಿಯಾಗಿ ಎಳೆಯುತ್ತಿದ್ದೀರಿ ಎಂದರ್ಥ, ನಿಲ್ಲಿಸಿ. ಜೀವ ಬೇಡವೆಂಬ ಯೋಚನೆ ಬರುತ್ತಿದ್ದರೆ ಈ ಸಿದ್ಧತೆ ಯಾವುದೂ ಬೇಕಿಲ್ಲ. ಮೊದಲ ಮಾತಿನಲ್ಲೇ ಅದನ್ನು ಹೇಳಿ. ತಕ್ಷಣದ ಅಪಾಯವಿದ್ದರೆ ತುರ್ತು ಸಹಾಯದ ನಂಬರು 112ಕ್ಕೆ ಕರೆ ಮಾಡಿ.

ಇನ್ನು ಮಿತಿಗಳು. ಹಗಲು ರಾತ್ರಿ ನಡೆಯುವ ಸೇವೆಯಾದ್ದರಿಂದ ಪ್ರತಿ ಸಲ ಅದೇ ವ್ಯಕ್ತಿ ಸಿಗುತ್ತಾರೆಂದು ನೆಚ್ಚಿಕೊಳ್ಳುವಂತಿಲ್ಲ. ಆ ನಾಲ್ಕು ಸಾಲಿನ ಚೀಟಿಯನ್ನು ಎಸೆಯಬೇಡಿ. ಎರಡು ವಾರ ಕಳೆದರೂ ನಿದ್ದೆ, ಊಟ, ಕೆಲಸದಲ್ಲಿ ಆಸಕ್ತಿ ಸರಿಹೋಗದಿದ್ದರೆ ಫೋನು ಸಾಲದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನು ಎದುರಿನಲ್ಲೇ ಕಾಣುವ ದಾರಿ ಕೇಳಿ. ಹಾಗೆ ಮುಂದಕ್ಕೆ ಕಳಿಸುವ ಏರ್ಪಾಡು ಸೇವೆಯೊಳಗೇ ಇದೆ. 2024ರ ಅಕ್ಟೋಬರಿನಲ್ಲಿ ಆ್ಯಪ್ ಕೂಡ ಬಂತು. ಜೊತೆಗೆ ಬಂದ ವಿಡಿಯೋ ಸಮಾಲೋಚನೆ ಮೊದಲು ಶುರುವಾದದ್ದು ಕರ್ನಾಟಕ, ತಮಿಳುನಾಡು, ಜಮ್ಮು ಕಾಶ್ಮೀರದಲ್ಲಿ. ಕಾಸರಗೋಡಿನವರು ಮಾಮೂಲಿ ಕರೆಯನ್ನೇ ಮಾಡುವುದು ಒಳ್ಳೆಯದು.

ಎಲ್ಲಕ್ಕಿಂತ ಮುಖ್ಯವಾಗಿ, ಮೂವರ ಕೆಲಸ ಒಬ್ಬರ ತಲೆಗೆ ಕಟ್ಟಿದ್ದರೆ ಯಾವ ಆಪ್ತಸಮಾಲೋಚಕರೂ ಅದನ್ನು ಇಳಿಸಲಾರರು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನೌಟನ್ನು, ಅಂದರೆ ಕೆಲಸದ ಒತ್ತಡದಿಂದ ಪೂರ್ತಿ ಬಳಲಿಹೋಗುವುದನ್ನು, ಕಾಯಿಲೆಯೆಂದಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನವೆಂದೇ ವಿವರಿಸಿತು. ಕೆಲಸದ ಹಂಚಿಕೆಯ ವಿಷಯವನ್ನು ದಿನಾಂಕ, ಗಂಟೆಗಳ ಲೆಕ್ಕದ ಸಮೇತ ಮೇಲಿನವರಿಗೆ ಬರಹದಲ್ಲೇ ಕೊಡಬೇಕು. ಲೈಂಗಿಕ ಕಿರುಕುಳವಾದರೆ, ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಕಿರುಕುಳ ತಡೆಯುವ 2013ರ ಕಾಯಿದೆಯಂತೆ ಹತ್ತು ಅಥವಾ ಹೆಚ್ಚು ನೌಕರರಿರುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಅದಕ್ಕಿಂತ ಸಣ್ಣ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ದೂರಿಗೆ ಅವಧಿ ಸಾಮಾನ್ಯವಾಗಿ ಮೂರು ತಿಂಗಳು. 14416ಕ್ಕೆ ಹೇಳಿಕೊಂಡ ಮಾತ್ರಕ್ಕೆ ಅದು ದೂರು ಕೊಟ್ಟಂತೆ ಆಗುವುದಿಲ್ಲ.