1915: ಕಂಪ್ಯೂಟರ್ ಪಾರ್ಟ್ಸ್ ವಾಪಸಾತಿ ಜಗಳಗಳಲ್ಲಿ ವರ್ಷಗಟ್ಟಲೆ ಬಳಸಿ ನೋಡಿದ ಮೇಲೆ

ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಅಂದರೆ 1915ಕ್ಕೆ, ನಾನು ಐದರಲ್ಲಿ ನಾಲ್ಕು ಸ್ಟಾರ್ ಕೊಡುತ್ತೇನೆ. ಹಾಸನದಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆ ವಿಡಿಯೋ ಎಡಿಟಿಂಗ್ ಮಾಡುವವನು ನಾನು. ಸಿಸ್ಟಮ್‌ಗಳನ್ನು ನಾನೇ ಅಸೆಂಬಲ್ ಮಾಡುತ್ತೇನೆ. ಸ್ನೇಹಿತರು ಕೇಳಿದರೆ ಅವರಿಗೂ ಜೋಡಿಸಿಕೊಡುತ್ತೇನೆ, ಆದರೆ ಬಿಲ್ ಮಾತ್ರ ಅವರ ಹೆಸರಲ್ಲೇ ಮಾಡಿಸುತ್ತೇನೆ. ಪಾರ್ಟ್ಸ್ ಕೆಲವು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಬರುತ್ತವೆ, ಕೆಲವು ಆನ್‌ಲೈನ್‌ನಲ್ಲಿ. ಇಷ್ಟೆಲ್ಲ ಪಾರ್ಟ್ಸ್ ಕೈಗೆ ಬಂದು ಹೋಗುವಾಗ ಒಂದೆರಡು ಕೆಟ್ಟವು ಇದ್ದೇ ಇರುತ್ತವೆ. ಅದಕ್ಕೆ ಬೇಜಾರಿಲ್ಲ. ಜಗಳ ಹುಟ್ಟುವುದು ವಾಪಸ್ ಕೊಟ್ಟ ಮೇಲೆ.

"ನೀವು ಕಳಿಸಿದ್ದು ಬೇರೆ ಪೀಸ್." "ಪಿನ್ ಬಗ್ಗಿದೆ, ವಾರಂಟಿ ಬರಲ್ಲ." "ಕಂಪನಿಗೆ ಹೋಗಿದೆ ಸರ್, ಬಂದ ತಕ್ಷಣ ಹೇಳ್ತೀವಿ." ಪಾರ್ಟ್ಸ್ ಕೊಳ್ಳುವವರೆಲ್ಲ ಈ ಮೂರರಲ್ಲಿ ಒಂದನ್ನಾದರೂ ಕೇಳಿರುತ್ತಾರೆ. ನಾನು ಮೂರನ್ನೂ ಕೇಳಿದ್ದೇನೆ, ಮೂರರಲ್ಲೂ 1915 ಹಿಡಿದಿದ್ದೇನೆ.

ಮೊದಲು ಅದು ಹೇಗೆ ಕೆಲಸ ಮಾಡುತ್ತದೆ ಅಂತ ಹೇಳಿಬಿಡುತ್ತೇನೆ. ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆ ನಡೆಸುವ ಸೇವೆ ಇದು. ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ ಫೋನ್ ಮಾಡಬಹುದು. 17 ಭಾಷೆಗಳಿವೆ, ಕನ್ನಡವೂ ಇದೆ. ವಾಟ್ಸಾಪ್, ಉಮಂಗ್ ಆ್ಯಪ್, ಅವರದೇ ಜಾಲತಾಣ ಹೀಗೆ ಬೇರೆ ದಾರಿಗಳೂ ಉಂಟು. ದುಡ್ಡು ಕೊಡಬೇಕಾಗಿಲ್ಲ. ದೂರು ದಾಖಲಾದರೆ ಒಂದು ಡಾಕೆಟ್ ನಂಬರ್ ಬರುತ್ತದೆ. ಎಷ್ಟೋ ದೊಡ್ಡ ಕಂಪನಿಗಳು, ಆನ್‌ಲೈನ್ ಅಂಗಡಿಗಳು ಸಹಾಯವಾಣಿಯ ಪಾಲುದಾರರಾಗಿವೆ. ಅಂಥವರ ಮೇಲಿನ ದೂರು ನೇರವಾಗಿ ಅವರ ಖಾತೆಗೇ ಹೋಗುತ್ತದೆ, ಅವರು ಅಲ್ಲೇ ಬರಹದಲ್ಲಿ ಉತ್ತರ ಕೊಡಬೇಕು.

ಈ "ಬರಹದಲ್ಲಿ" ಅನ್ನೋದೇ ನನಗೆ ಸಿಕ್ಕ ದೊಡ್ಡ ಲಾಭ. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಪ್ರತಿ ಸಲ ಹೊಸಬರು ಎತ್ತುತ್ತಾರೆ, ಕಥೆಯನ್ನು ಮೊದಲಿಂದ ಹೇಳಬೇಕು. ಇಲ್ಲಿ ಹಾಗಲ್ಲ. ನನ್ನ ಅನುಭವದಲ್ಲಿ, ಡಾಕೆಟ್ ನಂಬರ್ ಬಿದ್ದ ಮೇಲೆ ಕಂಪನಿಯಿಂದ ಫೋನ್ ಮಾಡುವವರೇ ಬೇರೆ. ನಿರ್ಧಾರ ಮಾಡುವ ಅಧಿಕಾರ ಇರುವವರು ಮಾತಾಡುತ್ತಾರೆ.

ಮದರ್‌ಬೋರ್ಡಿನ ಜಗಳವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಪಾರ್ಟ್ಸ್ ವಾಪಸಾತಿಯಲ್ಲಿ ಜಾಸ್ತಿ ತಲೆನೋವು ಕೊಡುವುದು ಇದೇ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ (ಪ್ರೊಸೆಸರ್ ಕೂರುವ ಜಾಗ) ಇರುವ ಬೋರ್ಡು, ಆನ್‌ಲೈನ್‌ನಲ್ಲಿ ತರಿಸಿದ್ದು. ಜೋಡಿಸಿ ಆನ್ ಮಾಡಿದರೆ ಡಿಸ್‌ಪ್ಲೇ ಇಲ್ಲ. ಪ್ರೊಸೆಸರ್, ರ‍್ಯಾಮ್ ಎರಡನ್ನೂ ಬೇರೆ ಬೋರ್ಡಿಗೆ ಹಾಕಿ ನೋಡಿದೆ, ಸರಿಯಾಗೇ ಇವೆ. ಬೋರ್ಡು ವಾಪಸ್ ಕಳಿಸಿದೆ. ಕೆಲವು ದಿನ ಬಿಟ್ಟು ಮೇಲ್ ಬಂತು: ಸಾಕೆಟ್ ಪಿನ್ ಬಗ್ಗಿವೆ, ಫಿಸಿಕಲ್ ಡ್ಯಾಮೇಜ್, ರಿಟರ್ನ್ ತಿರಸ್ಕರಿಸಿದ್ದೇವೆ. ಜೊತೆಗೆ ಒಂದು ಫೋಟೋ. ನಿಜಕ್ಕೂ ಮೂಲೆಯಲ್ಲಿ ಪಿನ್ ಬಗ್ಗಿತ್ತು.

ಆ ಸಾಕೆಟ್‌ನಲ್ಲಿ 1,700 ಪಿನ್ ಇರುತ್ತವೆ. ಕೂದಲಿನಷ್ಟು ತೆಳು. ಬೆರಳು ತಾಗಿದರೂ ಬಗ್ಗುತ್ತವೆ, ಸಾಕೆಟ್‌ನ ಪ್ಲಾಸ್ಟಿಕ್ ಮುಚ್ಚಳ ಇಲ್ಲದೆ ಪ್ಯಾಕ್ ಮಾಡಿದರೆ ದಾರಿಯಲ್ಲೂ ಬಗ್ಗಬಹುದು, ಸರ್ವಿಸ್ ಸೆಂಟರ್ ಟೇಬಲ್ ಮೇಲೂ ಬಗ್ಗಬಹುದು. ಬಗ್ಗಿದ ಪಿನ್ ನೋಡಿ ಯಾರು ಬಗ್ಗಿಸಿದ್ದು ಅಂತ ಯಾರೂ ಹೇಳಲಾರರು. ಮೊದಲು ಇನ್ನೊಂದು ಪ್ರೊಸೆಸರ್ ಕಂಪನಿ ಎಎಂಡಿಯಲ್ಲಿ ಪಿನ್‌ಗಳು ಪ್ರೊಸೆಸರ್ ಕೆಳಗೆ ಇರುತ್ತಿದ್ದವು. 2022ರಲ್ಲಿ ಬಂದ ಎಎಂ5 ಸಾಕೆಟ್‌ನಿಂದ ಅವೂ ಬೋರ್ಡಿಗೆ ಬಂದವು. ಹಾಗಾಗಿ ಈಗ ಯಾವ ಕಂಪನಿಯ ಹೊಸ ಪೀಳಿಗೆಯ ಪ್ರೊಸೆಸರ್ ತಗೊಂಡರೂ ಈ ಜಗಳ ಮದರ್‌ಬೋರ್ಡಿನದ್ದೇ.

ನಾನು ಪ್ಯಾಕ್ ಮಾಡುವ ಮುಂಚೆ ಸಾಕೆಟ್ ಫೋಟೋ ತೆಗೆದಿದ್ದೆ. ಫೋಟೋಗ್ರಾಫರ್ ಆಗಿರುವುದರಿಂದ ಒಂದು ವಿಷಯ ಗೊತ್ತು: ಮೇಲಿನಿಂದ ಫ್ಲ್ಯಾಶ್ ಹಾಕಿ ತೆಗೆದರೆ ಏನೂ ಕಾಣಲ್ಲ. ಕಿಟಕಿ ಬೆಳಕಿಗೆ ಬೋರ್ಡನ್ನು ಓರೆಯಾಗಿ ಹಿಡಿಯಬೇಕು. ಆಗ ಎಲ್ಲ ಪಿನ್ ತುದಿಗಳೂ ಸಾಲಾಗಿ ಮಿನುಗುತ್ತವೆ. ಒಂದು ಬಗ್ಗಿದ್ದರೂ ಆ ಜಾಗದಲ್ಲಿ ಸಾಲು ಕತ್ತರಿಸಿದ ಹಾಗೆ ಕಾಣುತ್ತದೆ. ನನ್ನ ಫೋಟೋದಲ್ಲಿ ಸಾಲು ಪೂರ್ತಿ ಇತ್ತು, ಬೋರ್ಡಿನ ಸೀರಿಯಲ್ ನಂಬರ್ ಸ್ಟಿಕ್ಕರ್ ಅದೇ ಫ್ರೇಮ್‌ನಲ್ಲಿತ್ತು. ಆಮೇಲೆ ಮುಚ್ಚಳ ಹಾಕಿ ಡಬ್ಬಿಗೆ ಇಡುವ ತನಕ ವಿಡಿಯೋ ಕೂಡ ಇತ್ತು. ಇವನ್ನೂ ಅವರ ಫೋಟೋವನ್ನೂ 1915ರ ದೂರಿಗೆ ಲಗತ್ತಿಸಿದೆ. ಅಂಗಡಿಯವರಿಗೆ ಇದೇ ಫೋಟೋಗಳನ್ನು ಮೊದಲೇ ಮೇಲ್ ಮಾಡಿದ್ದೆ, ಯಾರೂ ತೆರೆದು ನೋಡಿದಂತಿರಲಿಲ್ಲ. ಈ ಸಲ ಅವರ ಕುಂದುಕೊರತೆ ವಿಭಾಗದಿಂದ ಫೋನ್ ಬಂತು. "ಒಂದು ಸಲದ ವಿನಾಯಿತಿ" ಅಂತ ಬರೆದು ಪೂರ್ತಿ ಹಣ ವಾಪಸ್ ಕೊಟ್ಟರು. ವಿನಾಯಿತಿ ಅಂತಾದರೂ ಬರೆಯಲಿ, ಇನ್ನೇನಾದರೂ ಬರೆಯಲಿ, ದುಡ್ಡು ಬಂತು. ಮದುವೆ ಸೀಸನ್ ಮುಂಚೆ ಹೊಸ ಬೋರ್ಡು ಹಾಕಿಕೊಂಡೆ.

ರ‍್ಯಾಮ್ ಜಗಳ ಇದಕ್ಕಿಂತ ಬೇಗ ಮುಗಿಯಿತು. ಎರಡು ಸ್ಟಿಕ್ಕಿನ ಕಿಟ್ ವಾಪಸ್ ಕಳಿಸಿದರೆ "ಸೀರಿಯಲ್ ನಂಬರ್ ಹೊಂದಾಣಿಕೆ ಇಲ್ಲ" ಅಂದರು. ಎರಡು ಸ್ಟಿಕ್‌ಗೂ ಬೇರೆ ಬೇರೆ ನಂಬರ್ ಇತ್ತು, ಬಿಲ್ಲಿನಲ್ಲಿ ಒಂದನ್ನು ಮಾತ್ರ ಬರೆದಿದ್ದರು, ಅವರು ನೋಡಿದ್ದು ಇನ್ನೊಂದನ್ನು. ಎರಡರ ಫೋಟೋ ದೂರಿನಲ್ಲಿ ಹಾಕಿದ ಮೇಲೆ ತಕರಾರಿಲ್ಲದೆ ಒಪ್ಪಿಕೊಂಡರು.

ಮೂರನೆಯದು ಗ್ರಾಫಿಕ್ಸ್ ಕಾರ್ಡಿನದ್ದು, ಇಲ್ಲಿ ಸಹಾಯವಾಣಿಯ ಮಿತಿ ಗೊತ್ತಾಗುತ್ತದೆ. ಒಂದು ಚಿಕ್ಕ ಅಂಗಡಿಯಲ್ಲಿ ತಗೊಂಡ ಕಾರ್ಡು, ರೆಂಡರ್ (ಎಡಿಟ್ ಮಾಡಿದ ವಿಡಿಯೋವನ್ನು ಅಂತಿಮ ಫೈಲ್ ಮಾಡುವ ಕೆಲಸ) ಹಾಕಿದಾಗೆಲ್ಲ ಪರದೆ ಕಪ್ಪಾಗುತ್ತಿತ್ತು. ಅಂಗಡಿಗೇ ಕೊಟ್ಟೆ. "ಕಂಪನಿಗೆ ಕಳಿಸಿದ್ದೀವಿ" ಅಂತ ತಿಂಗಳುಗಟ್ಟಲೆ ಅದೇ ಉತ್ತರ. ಅಂಥ ಅಂಗಡಿಗಳು ಪಾಲುದಾರರ ಪಟ್ಟಿಯಲ್ಲಿ ಇರುವುದಿಲ್ಲ. ಸಹಾಯವಾಣಿ ದೂರನ್ನು ಅವರಿಗೆ ಕಳಿಸುತ್ತದೆ, ಆದರೆ ಅವರು ಉತ್ತರ ಕೊಡಲೇಬೇಕು ಅಂತ ಒತ್ತಾಯಿಸುವ ಅಧಿಕಾರ ಅದಕ್ಕಿಲ್ಲ. 1915 ನ್ಯಾಯಾಲಯ ಅಲ್ಲ, ವ್ಯಾಜ್ಯಕ್ಕೆ ಮುಂಚಿನ ಮೆಟ್ಟಿಲು. ಒಂದು ಸ್ಟಾರ್ ಕಮ್ಮಿ ಕೊಟ್ಟಿದ್ದು ಇದಕ್ಕೇ. ನಮ್ಮ ಊರುಗಳಲ್ಲಿ ಪಾರ್ಟ್ಸ್ ಮಾರುವವರು ಬಹುಪಾಲು ಇಂಥ ಅಂಗಡಿಗಳೇ ಅಲ್ವಾ?

ಆದರೂ ಆ ಕರೆ ವ್ಯರ್ಥವಾಗಲಿಲ್ಲ. ಮುಂದಿನ ದಾರಿ ಏನು ಅಂತ ಕೌನ್ಸೆಲರ್ ಅಚ್ಚುಕಟ್ಟಾಗಿ ಕನ್ನಡದಲ್ಲೇ ಹೇಳಿದರು: ಮೊದಲು ಅಂಗಡಿಗೆ ನೋಟಿಸ್, ಆಮೇಲೆ ಜಿಲ್ಲಾ ಗ್ರಾಹಕ ಆಯೋಗ. ನಾನೇ ಒಂದು ಪುಟದ ನೋಟಿಸ್ ಬರೆದು ಪೋಸ್ಟ್‌ನಲ್ಲಿ ಕಳಿಸಿದೆ. ಬಿಲ್ ನಂಬರ್, ಸೀರಿಯಲ್ ನಂಬರ್, ಕಾರ್ಡು ಕೊಟ್ಟ ದಿನ, ಡಾಕೆಟ್ ನಂಬರ್ ಎಲ್ಲ ಹಾಕಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ, ದೋಷ ಇರುವ ಸಾಮಾನನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳಿರದಿದ್ದರೆ 30 ದಿನದೊಳಗೆ ವಾಪಸ್ ಪಡೆಯಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಬಿಲ್ ಕೆಳಗೆ "ಮಾರಿದ ಮಾಲು ವಾಪಸ್ ಇಲ್ಲ" ಅಂತ ಅಚ್ಚು ಹಾಕಿಸಿದ ಮಾತ್ರಕ್ಕೆ ಇದರಿಂದ ತಪ್ಪಿಸಿಕೊಳ್ಳಲು ಆಗಲ್ಲ. ಇದನ್ನೂ ಬರೆದೆ. ನೋಟಿಸ್ ತಲುಪಿದ ಮೇಲೆ ಅಂಗಡಿಯವರೇ ಫೋನ್ ಮಾಡಿ "ಸರ್, ಬೇರೆ ಕಾರ್ಡ್ ರೆಡಿ ಇದೆ, ಬಂದು ಟೆಸ್ಟ್ ಮಾಡಿಕೊಂಡು ತಗೊಂಡು ಹೋಗಿ" ಅಂದರು.

ಆಯೋಗಕ್ಕೆ ಹೋಗುವುದು ಅಂದರೆ ಜನ ಸುಮ್ನೆ ಹೆದರುತ್ತಾರೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಜಿಲ್ಲಾ ಆಯೋಗದಲ್ಲಿ ಶುಲ್ಕವೇ ಇಲ್ಲ. ವಕೀಲರು ಇರಲೇಬೇಕು ಅಂತಿಲ್ಲ. ಅಂಗಡಿ ಬೆಂಗಳೂರಿನದ್ದಾದರೂ, ದೆಹಲಿಯದ್ದಾದರೂ, ನಾವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಹಳೆಯ ಕಾಯ್ದೆಯಲ್ಲಿ ಈ ಅನುಕೂಲ ಇರಲಿಲ್ಲ. ಗ್ರಾಹಕ ಆಯೋಗಗಳ ಇ-ಜಾಗೃತಿ ಜಾಲತಾಣದಲ್ಲಿ ಮನೆಯಿಂದಲೇ ದಾಖಲಿಸಬಹುದು. ಆದರೆ ತೊಂದರೆ ಶುರುವಾದ ದಿನದಿಂದ 2 ವರ್ಷದೊಳಗೆ ಹೋಗಬೇಕು. ಸಹಾಯವಾಣಿಯಲ್ಲಿ ದೂರು ಇದೆ ಅಂತ ಆ 2 ವರ್ಷ ಬೆಳೆಯಲ್ಲ, ಇದನ್ನು ನೆನಪಿಟ್ಟುಕೊಳ್ಳಿ. ಸಾಮಾನನ್ನು ಪರೀಕ್ಷೆಗೆ ಕಳಿಸುವ ಅಗತ್ಯ ಇದ್ದರೆ 5 ತಿಂಗಳು, ಇಲ್ಲದಿದ್ದರೆ 3 ತಿಂಗಳಲ್ಲಿ ತೀರ್ಮಾನಕ್ಕೆ ಯತ್ನಿಸಬೇಕು ಅಂತ ಕಾಯ್ದೆ ಹೇಳುತ್ತದೆ. ಅಷ್ಟರಲ್ಲೇ ಮುಗಿಯುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೋಗಬೇಡಿ.

ನನ್ನಂತೆ ಸ್ಟುಡಿಯೋ, ಡಿಟಿಪಿ, ಸೈಬರ್ ಸೆಂಟರ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಕಾಯ್ದೆ ಪ್ರಕಾರ ಗ್ರಾಹಕರಲ್ಲ. ಆದರೆ ಸ್ವಂತ ದುಡಿಮೆಯಿಂದ ಹೊಟ್ಟೆಪಾಡಿಗಾಗಿಯೇ ಕೊಂಡು ಬಳಸಿದರೆ ಅದು ವಾಣಿಜ್ಯ ಉದ್ದೇಶ ಆಗಲ್ಲ ಅಂತ ಅದೇ ಕಾಯ್ದೆಯಲ್ಲಿ ವಿವರಣೆ ಇದೆ. ಬಿಲ್ ಮೇಲೆ ಜಿಎಸ್‌ಟಿ ನಂಬರ್ ಹಾಕಿಸಿದ್ದರೆ ಎದುರಿನವರು ಅದನ್ನೇ ಹಿಡಿದುಕೊಂಡು ವಾದ ಮಾಡಬಹುದು. ಹಾಗಾಗಿ ದೂರಿನ ಮೊದಲ ಸಾಲುಗಳಲ್ಲೇ "ಸ್ವಯಂ ಉದ್ಯೋಗದಿಂದ ಜೀವನೋಪಾಯಕ್ಕಾಗಿ ನಾನೇ ಬಳಸುತ್ತಿದ್ದೇನೆ" ಅಂತ ಬರೆದುಬಿಡಿ.

ಆನ್‌ಲೈನ್‌ನಲ್ಲಿ ತಗೊಂಡಿದ್ದರೆ 1915ಕ್ಕೆ ಮುಂಚೆ ಆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಿರಿ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ 48 ಗಂಟೆಯೊಳಗೆ ದೂರು ತಲುಪಿದೆ ಅಂತ ಅವರು ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಆ ಮೇಲ್‌ನ ಪ್ರತಿ ಕೈಯಲ್ಲಿದ್ದರೆ ಸಹಾಯವಾಣಿಯಲ್ಲಿ ಮಾತು ಸಲೀಸು.

ಅಂಗಡಿಯವರ ಕಷ್ಟವನ್ನೂ ಹೇಳಬೇಕು. ಹಳೇ ಕಾರ್ಡನ್ನು ಹೊಸ ಡಬ್ಬಿಗೆ ತುಂಬಿ ವಾಪಸ್ ಕೊಡುವ ಗಿರಾಕಿಗಳೂ ಇದ್ದಾರೆ. ಡಿಸ್ಟ್ರಿಬ್ಯೂಟರ್ ಆರ್‌ಎಂಎ (ಕೆಟ್ಟ ಪಾರ್ಟನ್ನು ವಾಪಸ್ ಪಡೆಯಿರಿ ಅನ್ನುವ ಕೋರಿಕೆ) ತಿರಸ್ಕರಿಸಿದರೆ ಚಿಕ್ಕ ಅಂಗಡಿಯವರಿಗೆ ಆ ಪಾರ್ಟಿನ ದುಡ್ಡೂ ಹೋಯಿತು, ಗಿರಾಕಿಯೂ ಹೋದ. ಅವರ ಅನುಮಾನ ಆಧಾರ ಇಲ್ಲದ್ದಲ್ಲ. ಅದಕ್ಕೇ ಪಾರ್ಟು ಕೈ ಬದಲಾಗುವ ಜಾಗದಲ್ಲಿ, ಕೌಂಟರ್‌ನಲ್ಲೇ, ಇಬ್ಬರ ಎದುರೂ ಪೆಟ್ಟಿಗೆ ತೆರೆದು ಸೀರಿಯಲ್ ನಂಬರ್ ಮತ್ತು ಸ್ಥಿತಿ ಬರೆದು ಸ್ಲಿಪ್ ಕೊಡುವ ರೂಢಿ ಬರಬೇಕು ಅಂತ ನಾನು ಎಲ್ಲರಿಗೂ ಹೇಳುತ್ತಿರುತ್ತೇನೆ. ನಾನು ಹೋಗುವ ಒಂದು ಅಂಗಡಿಯಲ್ಲಿ ಈಗ ಮದರ್‌ಬೋರ್ಡ್ ಕೊಟ್ಟರೆ ಮುಚ್ಚಳ ತೆಗೆದು, ಲೆನ್ಸ್ ಹಿಡಿದು ಪಿನ್ ನೋಡಿ, ಸ್ಲಿಪ್ ಮೇಲೆ "ಪಿನ್ ಓಕೆ" ಅಂತ ಬರೆದು ಸೀಲ್ ಹಾಕುತ್ತಾರೆ. ಅಲ್ಲಿ ನನಗೆ 1915 ಬೇಕಾಗಿಯೇ ಇಲ್ಲ.

ಮೊದಲ ಸಲ ಬಳಸುವವರು ಫೋನ್ ಮಾಡಿ ಕನ್ನಡದಲ್ಲೇ ಮಾತಾಡಿ. ಬಿಲ್ ಎದುರಿಗಿರಲಿ. ಸಿಟ್ಟನ್ನೆಲ್ಲ ಹೇಳಿಕೊಳ್ಳುವ ಬದಲು ಏನು ಕೊಂಡೆ, ಯಾವತ್ತು ವಾಪಸ್ ಕೊಟ್ಟೆ, ಅವರೇನಂದರು, ನನಗೇನು ಬೇಕು ಅಷ್ಟನ್ನು ಹೇಳಿ. ಹಣ ಬೇಕೋ, ಬದಲಿ ಪಾರ್ಟ್ ಬೇಕೋ ಅಂತ ಸ್ಪಷ್ಟ ಮಾಡದಿದ್ದರೆ ರಿಪೇರಿ ಮಾಡಿದ ಪೀಸ್ ಕೊಟ್ಟು ಫೈಲ್ ಮುಚ್ಚಿಬಿಡುತ್ತಾರೆ. ಫೋಟೋ, ಬಿಲ್ ಸೇರಿಸುವುದಿದ್ದರೆ ಜಾಲತಾಣವೇ ವಾಸಿ, ನಾನೀಗ ಅದನ್ನೇ ಬಳಸುವುದು.

ಸದ್ಯಕ್ಕೆ ಸ್ನೇಹಿತನೊಬ್ಬನ ಎಸ್‌ಎಂಪಿಎಸ್ (ಕಂಪ್ಯೂಟರ್‌ಗೆ ಕರೆಂಟ್ ಕೊಡುವ ಡಬ್ಬಿ) ದೂರು ನಡೆಯುತ್ತಿದೆ. ವಾರಂಟಿ ಬಿಲ್ ದಿನದಿಂದಲೋ, ತಯಾರಾದ ದಿನದಿಂದಲೋ ಅನ್ನುವುದು ಅಲ್ಲಿನ ತಕರಾರು. ಕಂಪನಿಯ ಉತ್ತರ ಬಂದ ಮೇಲೆ ಈ ವಿಮರ್ಶೆಗೆ ಅದನ್ನೂ ಸೇರಿಸುತ್ತೇನೆ.